ರಾಘು ಆ ಹಾಳೆಗೆ ಸಹಿ ಹಾಕಬೇಕಾ?

(ಮನೆಯವರ ಗ್ರೂಪಿನ ಮಾತುಕತೆ. 11 ವರ್ಷ ದುಡಿದ ಫೌಂಡ್ರಿಯಿಂದ, ಅಂದರೆ ಎರಕದ ಕಾರ್ಖಾನೆಯಿಂದ, ರಾಘುವನ್ನು ತೆಗೆದಿದ್ದಾರೆ. 40 ಸಾವಿರ ಕೊಡುತ್ತೇವೆ, ಒಂದು ಹಾಳೆಗೆ ಸಹಿ ಹಾಕು ಅಂದಿದ್ದಾರೆ.)

ಸಾಗರದ ಮಾವ: (ಫಾರ್ವರ್ಡ್ ಚಿತ್ರ) "ಲೇಬರ್ ಆಫೀಸಿಗೆ ದೂರು ಕೊಟ್ಟರೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ಕೊಟ್ಟಷ್ಟು ತಗೊಂಡು ಹೊರಗೆ ಬನ್ನಿ."
ರಾಘು, ಇದನ್ನು ಓದು. 40 ಸಾವಿರ ಕೊಡುತ್ತೇವೆ ಅಂದಿದ್ದಾರಲ್ಲ, ಸಹಿ ಹಾಕಿ ಮುಗಿಸು. ಶಿವಮೊಗ್ಗದ ಮಾಚೇನಹಳ್ಳಿ ಕಡೆ ಫೌಂಡ್ರಿಯವರೆಲ್ಲ ಒಬ್ಬರಿಗೊಬ್ಬರು ಪರಿಚಯ. ಹೆಸರು ಕೆಟ್ಟರೆ ಬೇರೆ ಕಡೆ ಕೆಲಸ ಕಷ್ಟ.

ವೀಣಕ್ಕ: ಮಾವ, ದಯವಿಟ್ಟು ಇದನ್ನು ಇನ್ನು ಯಾರಿಗೂ ಕಳಿಸಬೇಡಿ. ಲೇಬರ್ ಆಫೀಸು ಬೇರೆ, ಕೋರ್ಟು ಬೇರೆ. ಅಲ್ಲಿ ಅಧಿಕಾರಿ ಇಬ್ಬರನ್ನೂ ಕರೆಸಿ, ಎದುರುಬದುರು ಕೂರಿಸಿ ಮಾತಾಡಿಸುತ್ತಾರೆ. ಅದಕ್ಕೇ ಸಂಧಾನ ಅನ್ನುವುದು. ವಕೀಲರನ್ನು ಇಡಬೇಕಾಗಿಲ್ಲ. ರಾಘು, ಅವರು ಕೊಟ್ಟ ಹಾಳೆಯ ಫೋಟೋ ಹಾಕು.

ರಾಘು: (ಫೋಟೋ)

ವೀಣಕ್ಕ: ಮೂರನೇ ಸಾಲು ನೋಡಿ. "ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಬರಬೇಕಾದ ಬಾಕಿಯೆಲ್ಲ ಬಂದಿದೆ." ಎರಡೂ ಸುಳ್ಳು. ನಾಳೆಯಿಂದ ಬರಬೇಡ ಅಂದವರು ಅವರೇ. ಇದಕ್ಕೆ ಸಹಿ ಬಿದ್ದರೆ ಸಂಧಾನದಲ್ಲಿ ಅವರು ಮೊದಲು ತೋರಿಸುವುದೇ ಇದನ್ನು.

ಭದ್ರಾವತಿ ದೊಡ್ಡಪ್ಪ: ವೀಣಾ ಹೇಳುವುದು ಸರಿ. ಆದರೆ ಸಂಧಾನಾಧಿಕಾರಿ ತೀರ್ಪು ಕೊಡುವುದಿಲ್ಲ. ಮಾಲೀಕರು ಒಪ್ಪದಿದ್ದರೆ ಒತ್ತಾಯ ಮಾಡುವ ಹಾಗಿಲ್ಲ.

ಸಾಗರದ ಮಾವ: ನಾನು ಹೇಳಿದ್ದೂ ಅದೇ! ಅದೂ ಅಲ್ಲದೆ ಹೊಸ ಕಾನೂನು ಬಂದು ಇದೆಲ್ಲ ಹೋಯಿತಂತೆ.

ವೀಣಕ್ಕ: ಹೋಗಿಲ್ಲ ಮಾವ. 2025ರ ನವೆಂಬರ್ 21ರಿಂದ ಹೊಸ ಕಾನೂನು, ಕೈಗಾರಿಕಾ ಸಂಬಂಧಗಳ ಸಂಹಿತೆ, ಬಂದಿದೆ, ಸಂಧಾನ ಅದರಲ್ಲೂ ಇದೆ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೇ. ಒಪ್ಪಿ ಸಹಿ ಹಾಕಿದರೆ ಆ ಒಪ್ಪಂದಕ್ಕೆ ಇಬ್ಬರೂ ಬದ್ಧರು. ಮಾತುಕತೆ ಮುರಿದುಬಿದ್ದರೆ ಅಧಿಕಾರಿ ಸಂಧಾನ ಶುರುವಾದ 45 ದಿನದೊಳಗೆ ವರದಿ ಕೊಡಬೇಕು, ಆಮೇಲೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು.
ಇನ್ನು ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಮುಗಿದಾಗ ಕೊಡಬೇಕಾದ ಹಣ. ಅದು ಅವರ ಮರ್ಜಿಯಲ್ಲ, ಇವನ ಹಕ್ಕು. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 20,800. ತಿಂಗಳಿಗೆ 26 ಕೆಲಸದ ದಿನ ಅಂತ ಹಿಡಿದು, ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 12,000. 11 ವರ್ಷಕ್ಕೆ 1,32,000. ಅದರ ಬದಲು 40 ಸಾವಿರವಾ? ಗ್ರಾಚ್ಯುಟಿಗೆ ಬೇರೆ ಅರ್ಜಿ. ಅಲ್ಲಿ ಅಧಿಕಾರಿ ಕೊಡಿ ಅಂತ ಆದೇಶವನ್ನೇ ಮಾಡಬಹುದು.

ರಾಘು: ಅಕ್ಕ, ಐಡಿ ಕಾರ್ಡಲ್ಲಿ ಸೂಪರ್‌ವೈಸರ್ ಅಂತ ಇದೆ. ನೀನು ಕಾರ್ಮಿಕನೇ ಅಲ್ಲ, ಹೋದರೂ ನಡೆಯಲ್ಲ ಅಂದರು.

ಭದ್ರಾವತಿ ದೊಡ್ಡಪ್ಪ: ಮಾಡುತ್ತಿದ್ದ ಕೆಲಸ ಏನು?

ರಾಘು: ಮೋಲ್ಡಿಂಗ್. ಬಾಕ್ಸಿಗೆ ಮರಳು ತುಂಬಿ ಬಡಿಯುವುದು. ಒಬ್ಬರಿಗೆ ಅರ್ಧ ದಿನ ರಜೆ ಕೊಡುವ ಅಧಿಕಾರವೂ ಇರಲಿಲ್ಲ.

ಭದ್ರಾವತಿ ದೊಡ್ಡಪ್ಪ: ಅರ್ಜಿಯಲ್ಲಿ ಅದನ್ನೇ ಬರೆ. ಕಾರ್ಡಿನ ಹೆಸರಿಗಿಂತ ನಿಜವಾಗಿ ಮಾಡಿದ ಕೆಲಸ ಮುಖ್ಯ.

ಸಾಗರದ ಮಾವ: ಅವರ ಮನೆ ಮದುವೆಗೆ ಹೋಗಿ ಉಂಡು ಬಂದವರು ನಾವು. ನಾಳೆ ಮುಖ ನೋಡಬೇಕಲ್ವಾ?

ವೀಣಕ್ಕ: ಅದಕ್ಕೇ ಮಾವ ಸಂಧಾನ ಬೇಕು ಅನ್ನುವುದು. ಕೋರ್ಟಲ್ಲಿ ಒಬ್ಬರು ಸೋಲಲೇಬೇಕು. ಇಲ್ಲಿ ಮಾತಾಡಿ ಬಗೆಹರಿದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಸಾಗರದ ಮಾವ: ಮೊದಲು ನಾನೊಂದು ಫೋನ್ ಮಾಡಿ ನೋಡುತ್ತೇನೆ.

ವೀಣಕ್ಕ: ಮಾಡಿ. ಆದರೆ ರಾಘು ಸಹಿ ಹಾಕುವುದಿಲ್ಲ. ಸೋಮವಾರ ಅರ್ಜಿ ಕೊಡುತ್ತೇವೆ.

ರಾಘು: ನೇಮಕಾತಿ ಪತ್ರ ಕೊಟ್ಟೇ ಇರಲಿಲ್ಲ ಅಕ್ಕ. ಪೇ ಸ್ಲಿಪ್ ಇದೆ, ಪಿಎಫ್ ಪಾಸ್‌ಬುಕ್ ಇದೆ.

ಭದ್ರಾವತಿ ದೊಡ್ಡಪ್ಪ: ಪಾಸ್‌ಬುಕ್ ಪ್ರಿಂಟ್ ತೆಗೆಸು. ಯಾವ ತಿಂಗಳಿಂದ ದುಡ್ಡು ಕಟ್ಟಿದ್ದಾರೆ ಅಂತ ಅದರಲ್ಲೇ ಇರುತ್ತದೆ.