ವೀಲ್‌ಚೇರ್ ಬ್ರೇಕ್ ಹಾಕದೆ ಎದ್ದುಬಿಡುತ್ತಾರೆ, ಕಲಿಸುವುದು ಹೇಗೆ?

ಪ್ರಶ್ನೆ:
ತಲೆಗೆ ಬಲವಾದ ಪೆಟ್ಟಾಗಿ 3 ತಿಂಗಳಾದ ರೋಗಿ. ದಿನ, ತಾರೀಖು ಸರಿಯಾಗಿ ಹೇಳುತ್ತಾರೆ, ಹಳೆಯದೆಲ್ಲ ನೆನಪಿದೆ. ಹೊಸದೇನೂ ತಲೆಯಲ್ಲಿ ನಿಲ್ಲುತ್ತಿಲ್ಲ. "ಏಳೋ ಮುಂಚೆ ಏನು ಮಾಡಬೇಕು, ಯೋಚನೆ ಮಾಡಿ" ಎಂದು ದಿನಾ ಕೇಳುತ್ತೇವೆ. ಒಂದೊಂದು ಸಲ ಒಂದೊಂದು ತಪ್ಪು ಉತ್ತರ. ಸಂಜೆಯಾದರೆ ಸಿಡುಕು ಬೇರೆ.

ಆಕ್ಯುಪೇಷನಲ್ ಥೆರಪಿಸ್ಟ್:
ಮೊದಲು ಆ ಪ್ರಶ್ನೆ ಬಿಡಿ. ನೆನಪಿನ ಶಕ್ತಿ ಹೀಗೆ ಕುಂದಿದವರಲ್ಲಿ ಊಹಿಸಿ ಹೇಳಿದ ತಪ್ಪೇ ಬೇರೂರುತ್ತದೆ. ಅದನ್ನು ನೀವು ತಿದ್ದಿದ್ದು ಮರೆತುಹೋಗುತ್ತದೆ. ತಪ್ಪಿಗೆ ಆಸ್ಪದವೇ ಇಲ್ಲದಂತೆ ಕಲಿಸಬೇಕು. ಕ್ರಮ ಬದಲಾಗಬಾರದು: ಎಡ ಬ್ರೇಕ್, ಬಲ ಬ್ರೇಕ್, ಕಾಲಿಡುವ ಹಲಗೆಗಳು ಮೇಲಕ್ಕೆ, ಸೀಟಿನ ಅಂಚಿಗೆ ಸರಿಯುವುದು, ಪಾದ ಹಿಂದಕ್ಕೆ, ಮುಂದೆ ಬಾಗಿ ಏಳುವುದು. ಶುರುವಿನಲ್ಲಿ ಅವರ ಕೈಮೇಲೆ ಕೈಯಿಟ್ಟು ಮಾಡಿಸಿ. ಸೂಚನೆ ಕಡಿಮೆ ಮಾಡುವಾಗ ಮೊದಲು ಕೊನೆಯ ಹಂತದ ಸೂಚನೆ ಬಿಡಿ, ಆಮೇಲೆ ಅದರ ಹಿಂದಿನದು, ಹೀಗೆ ಒಂದೊಂದಾಗಿ ಹಿಂದಕ್ಕೆ ಬನ್ನಿ. ಆದರೆ ಬೀಳದಂತೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒಬ್ಬರು "ಲಾಕ್", ಇನ್ನೊಬ್ಬರು "ಬ್ರೇಕ್" ಅಂದರೆ ಕಲಿತದ್ದು ಕೆಡುತ್ತದೆ. ಎಲ್ಲರ ಬಾಯಲ್ಲೂ ಒಂದೇ ಮಾತಿರಲಿ.

ಸ್ಪೀಚ್ ಥೆರಪಿಸ್ಟ್:
ಇದರ ಜೊತೆಗೆ ಅಂತರ ಹೆಚ್ಚಿಸುವ ಅಭ್ಯಾಸ ಮಾಡಿಸಿ. "ಏಳೋ ಮುಂಚೆ ಎರಡೂ ಬ್ರೇಕ್ ಹಾಕಬೇಕು" ಎಂದು ನೀವೇ ಹೇಳಿ, ಕೂಡಲೇ ಅವರಿಂದ ಹೇಳಿಸಿ, ಮಾಡಿಸಿ. ಆಮೇಲೆ 30 ಸೆಕೆಂಡ್, 1 ನಿಮಿಷ, 2, 4, 8 ನಿಮಿಷ ಬಿಟ್ಟು ಕೇಳಿ. ತಡವರಿಸಿದರೆ ಕಾಯಬೇಡಿ, ಉತ್ತರ ಕೊಟ್ಟುಬಿಡಿ, ಹಿಂದೆ ಗೆದ್ದ ಅಂತರಕ್ಕೆ ಮರಳಿ. ಬರೀ ಬಾಯಿಪಾಠವಾದರೆ ಪ್ರಯೋಜನವಿಲ್ಲ, ಕೈ ಬ್ರೇಕಿಗೆ ಹೋಗಲೇಬೇಕು.

ಪ್ರಶ್ನೆ ಕೇಳಿದವರು:
ಬಲ ಬ್ರೇಕ್ ಆಗಾಗ ಹಾಕುತ್ತಾರೆ, ಎಡದ್ದು ಎಂದೂ ಇಲ್ಲ. ಇದೂ ಮರೆವೇ?

ಆಕ್ಯುಪೇಷನಲ್ ಥೆರಪಿಸ್ಟ್:
ಬರೀ ಮರೆವು ಇರಲಾರದು. ತಟ್ಟೆಯ ಎಡಭಾಗದ ಊಟ ಉಳಿಯುತ್ತದೆಯೇ, ಎಡಗಡೆ ಬಾಗಿಲಿಗೆ ಕುರ್ಚಿ ತಗಲುತ್ತದೆಯೇ ನೋಡಿ. ಹೌದಾದರೆ ಗಮನ ಎಡಕ್ಕೆ ಹೋಗುತ್ತಿಲ್ಲ, ಇಲ್ಲವೇ ಆ ಕಡೆಯ ದೃಷ್ಟಿ ಕಡಿಮೆಯಾಗಿದೆ. ಎರಡನ್ನೂ ಪರೀಕ್ಷೆ ಮಾಡಿಸಿ. ಎಡ ಬ್ರೇಕಿನ ಹಿಡಿಕೆಗೆ ಉದ್ದನೆಯ ಕೊಳವೆ ಸಿಕ್ಕಿಸಿ, ಕೆಂಪು ಟೇಪ್ ಸುತ್ತಿ. ಪ್ರತಿ ಸಲ ತಲೆ ತಿರುಗಿಸಿ ಆ ಟೇಪ್ ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ನರ್ಸ್:
ಸಂಜೆಯ ಸಿಡುಕಿಗೆ ಹೆಚ್ಚಾಗಿ ಕಾರಣ ದಣಿವು. ಅಭ್ಯಾಸ ಬೆಳಗ್ಗೆಯೇ ಮುಗಿಯಲಿ, 15–20 ನಿಮಿಷ ಸಾಕು, ಟಿವಿ ಆಫ್ ಇರಲಿ. ನೋವು, ಮಲಬದ್ಧತೆ, ಮೂತ್ರ ಕಟ್ಟಿರುವುದು ಇವನ್ನೂ ನೋಡಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಮ್ ಕೂಡ ಕೆಲವರಲ್ಲಿ ಸಿಡುಕು ತರುತ್ತದೆ. ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಕಲಿತದ್ದು ಜಾರತೊಡಗಿ, ಜೊತೆಗೆ ಕಾಲೆಳೆದು ನಡೆಯುವುದು, ಮೂತ್ರ ಸೋರುವುದು ಶುರುವಾದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೆದುಳಿನಲ್ಲಿ ನೀರು ತುಂಬುತ್ತಿರಬಹುದು. ತಡಮಾಡದೆ ನ್ಯೂರೋಸರ್ಜನ್‌ಗೆ ತೋರಿಸಿ, ಸಿಟಿ ಸ್ಕ್ಯಾನ್ ಬೇಕಾಗುತ್ತದೆ.