ಇಂಜೆಕ್ಷನ್ ಹಾಕಿಸಿದ ಹಸು ಸತ್ತಿದೆ, ರಣಹದ್ದಿಗೆ ಬಿಡಬಹುದಾ?

ಬೆಟ್ಟದಡಿಯವ
ನಮ್ಮದು ರಾಮನಗರದ ರಾಮದೇವರ ಬೆಟ್ಟದ ಹತ್ತಿರದ ಊರು. ಇವತ್ತು ಬೆಳಗಿನ ಜಾವ ನಮ್ಮ ಎಚ್‌ಎಫ್ ಹಸು ಸತ್ತುಹೋಯಿತು. ಕೆಚ್ಚಲು ಬಾವು, ಜ್ವರ. ಮೊನ್ನೆ ಸಂಜೆ ಊರೂರು ತಿರುಗಿ ಇಂಜೆಕ್ಷನ್ ಹಾಕುವವರೊಬ್ಬರು ಬಂದು ನೋವಿಗೆ ಅಂತ ಚುಚ್ಚಿದ್ದರು. ಯಾವ ಔಷಧಿ ಅಂದರೆ, "ಒಳ್ಳೇ ಪವರ್ ಇರೋದು" ಅಂದರು, ಅಷ್ಟೇ.

ತಾತನ ಕಾಲದಲ್ಲಿ ಸತ್ತ ದನವನ್ನು ಊರಾಚೆ ಹಾಕಿದರೆ ಸಂಜೆಗೆ ಬರೀ ಮೂಳೆ ಉಳಿಯುತ್ತಿತ್ತಂತೆ. ಈಗ ನಾಯಿಗಳದೇ ಕಾಟ. ಬೆಟ್ಟದಲ್ಲಿ ಉಳಿದಿರುವ ಒಂದೆರಡು ರಣಹದ್ದಿಗಾದರೂ ಸಿಗಲಿ ಅಂತ ಟ್ರ್ಯಾಕ್ಟರಲ್ಲಿ ಒಯ್ದು ಬಂಡೆ ಕೆಳಗೆ ಬಿಡೋಣ ಅಂದುಕೊಂಡೆ. ಮಗಳು ಬೇಡವೇ ಬೇಡ ಅಂತ ಹಟ ಹಿಡಿದಿದ್ದಾಳೆ. ಒಂದು ಹಸುವಿನಿಂದ ಏನಾಗಿಬಿಡುತ್ತೆ?

ರಿಟೈರ್ಡ್ ದನದ ಡಾಕ್ಟರು
ಮಗಳ ಮಾತು ಕೇಳಿ ಯಜಮಾನರೇ. ಅದು ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಆಗಿದ್ದರೆ ಎರಡು ಮೂರು ದಿನ ಮಾಂಸದಲ್ಲಿ ಉಳಿದಿರುತ್ತದೆ. ತಿಂದ ಹದ್ದಿನ ಕಿಡ್ನಿ ಕೈಕೊಡುತ್ತದೆ. ಸತ್ತ ಹಕ್ಕಿಯನ್ನು ಕೊಯ್ದರೆ ಈಲಿ, ಹೃದಯದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ.

ಹದ್ದುಗಳು ಸಾಲು ಸಾಲಾಗಿ ಸಾಯತೊಡಗಿದಾಗ ಮೊದಲು ಏನೋ ರೋಗ ಅಂದುಕೊಂಡಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದವರು 2004ರಲ್ಲಿ ಈ ಔಷಧಿಯೇ ಕಾರಣ ಅಂತ ತೋರಿಸಿದರು. 2006ರಲ್ಲಿ ನಮ್ಮಲ್ಲಿ ದನಗಳಿಗೆ ಇದು ಬಂದ್ ಆಯಿತು. ಜನ ಬಿಡಬೇಕಲ್ಲ! ಮನುಷ್ಯರಿಗೆ ಬರುವ 30 ಎಂಎಲ್ ಬಾಟಲಿ ತಂದು ಚುಚ್ಚಿದರು. ಅದಕ್ಕೇ 2015ರಲ್ಲಿ ಮನುಷ್ಯರ ಬಾಟಲಿಯನ್ನೂ 3 ಎಂಎಲ್‌ಗೆ ಇಳಿಸಿದ್ದು. ಒಂದು ದನಕ್ಕೆ ಐದಾರು ಒಡೆಯಬೇಕು, ಬೇಜಾರಾಗಿ ಬಿಡಲಿ ಅಂತ. 2023ರಲ್ಲಿ ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್ ಅನ್ನೋ ನೋವಿನ ಔಷಧಿಗಳೂ ದನಗಳಿಗೆ ಬಂದ್ ಆದವು. ಮೆಲಾಕ್ಸಿಕಾಮ್ ಹದ್ದಿಗೆ ತೊಂದರೆ ಮಾಡಲ್ಲ, ನೋವಿಗೂ ಆಗುತ್ತದೆ. ಅದನ್ನೇ ಕೇಳಿ ಹಾಕಿಸಿ.

ದುರ್ಬೀನು
ಅಣ್ಣ, ಒಂದು ಹಸು ಅಂದಿರಲ್ಲ, ಲೆಕ್ಕ ಇರುವುದೇ ಅಲ್ಲಿ. ನೂರು ದನಕ್ಕೆ ಒಂದರಲ್ಲಿ ಔಷಧಿ ಇರಬೇಕು ಅಂತಲೂ ಇಲ್ಲ, ಅದಕ್ಕಿಂತ ಕಡಿಮೆ ಇದ್ದರೂ ಹದ್ದುಗಳ ಸಂತತಿ ಕುಸಿಯುತ್ತದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದೇ ದನದ ಸುತ್ತ ಹತ್ತಾರು ಹದ್ದು ಕೂರುತ್ತವೆ ನೋಡಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ನಿಮ್ಮ ಬೆಟ್ಟದ ಉದ್ದಕೊಕ್ಕಿನ ರಣಹದ್ದಿಗಾಗಿಯೇ 2012ರಲ್ಲಿ ಅಲ್ಲಿ ಧಾಮ ಮಾಡಿದ್ದು. ಅರಣ್ಯ ಇಲಾಖೆಯವರನ್ನು ಕೇಳದೆ ಒಳಗೆ ಏನೂ ಬಿಡಬೇಡಿ.

ಬೆಟ್ಟದಡಿಯವ
ಜೆಸಿಬಿ ಕರೆಸಿ ಗುಂಡಿ ತೆಗೆಸಿದೆ. ಉಪ್ಪು ಸುರಿದು ಮುಚ್ಚಿದ್ದಾಯಿತು. ಮಗಳು ತಿಪ್ಪೆ ಕೆದಕಿ ಬಾಟಲಿ ಹುಡುಕಿ ತಂದಳು. ಲೇಬಲ್ ಅರ್ಧ ಹರಿದಿದೆ. ಹೆಸರಿನ ಬಾಲ ಮಾತ್ರ ಓದಲು ಸಿಗುತ್ತೆ: "...ಫೆನಾಕ್".

ರಿಟೈರ್ಡ್ ದನದ ಡಾಕ್ಟರು
ತಲೆ ಯಾವುದಾದರೇನು, ಡೈಕ್ಲೋನೋ ಅಸೆಕ್ಲೋನೋ, ಎರಡೂ ದನಕ್ಕೆ ಹಾಕುವಂತಿಲ್ಲ. ಬಾಟಲಿ ಬಿಸಾಡಬೇಡಿ, ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ತೋರಿಸಿ.