ಹೆಗಲು ಬಿಗಿತಕ್ಕೆ ಹಾರ್ಮೋನ್ ಚಿಕಿತ್ಸೆ ಆದೀತೇ?

ಪ್ರಶ್ನೆ (ಉಡುಪಿ): ಅಮ್ಮನಿಗೆ 52 ವರ್ಷ. ಮುಟ್ಟು ನಿಂತ ಮೇಲೆ ಬಲ ಹೆಗಲು ಎಷ್ಟು ಬಿಗಿದಿದೆಯೆಂದರೆ, ಬಾವಿಯಿಂದ ನೀರು ಸೇದುವುದಿರಲಿ, ಶಂಕರಪುರ ಮಲ್ಲಿಗೆ ಮುಡಿಯಲೂ ಕೈ ಮೇಲೇಳುವುದಿಲ್ಲ. ಈಸ್ಟ್ರೋಜೆನ್ (ಸ್ತ್ರೀ ಹಾರ್ಮೋನ್) ಚಿಕಿತ್ಸೆಯಿಂದ ಗುಣವಾಗುವುದೇ?

ಉತ್ತರ 1 (ಮಂಗಳೂರು): ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2022ರಲ್ಲಿ ಮಂಡಿಸಿದ ಅಧ್ಯಯನದಲ್ಲಿ ಹಾರ್ಮೋನ್ ಪಡೆದ ಮಹಿಳೆಯರಲ್ಲಿ ಈ ತೊಂದರೆ ಶೇ. 3.95, ಪಡೆಯದವರಲ್ಲಿ ಶೇ. 7.65 ಇದ್ದರೂ, ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನಿಸಲಿಲ್ಲ. ಬಂದ ಬಿಗಿತವನ್ನು ಹಾರ್ಮೋನ್ ಗುಣಪಡಿಸುತ್ತದೆ ಎನ್ನಲು ಆ ಅಧ್ಯಯನ ಪುರಾವೆಯೂ ಅಲ್ಲ.

ಉತ್ತರ 2 (ಮಣಿಪಾಲ): ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದೂ ಹಾರ್ಮೋನ್ ಕುಲದ್ದೇ, ನೋವಿನ ಆರಂಭದ ತಿಂಗಳುಗಳಲ್ಲಿ ಅದು ನೆರವಾಗುತ್ತದೆ. ಆದರೆ ಮಧುಮೇಹವಿದ್ದರೆ ಕೆಲವು ದಿನ ಸಕ್ಕರೆ ಏರುವುದರಿಂದ ದಯವಿಟ್ಟು ಮೊದಲೇ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡನ್ನೂ ನೋಡಿಸಿ, ಏಕೆಂದರೆ ಮಧುಮೇಹ, ಥೈರಾಯ್ಡ್ ತೊಂದರೆ ಎರಡಕ್ಕೂ ಈ ಬಿಗಿತಕ್ಕೂ ನಂಟಿದೆ.

ಪ್ರಶ್ನೆ ಕೇಳಿದವರು: ಸಕ್ಕರೆ ಪರೀಕ್ಷೆ ಮಾಡಿಸಿರಲಿಲ್ಲ. ನಾಳೆ ಬೆಳಿಗ್ಗೆಯೇ ಅಮ್ಮನನ್ನು ಕರೆದೊಯ್ಯುತ್ತೇನೆ.